ಲೂಯಿ ರಿಯೆಲ್ ದಿನದ ರಜೆ ಸರಿ, ಆದ್ರೆ ಮೇಟಿಗಳಿಗೆ ಇಷ್ಟೊಂದು ಸಂಘಟನೆ ಯಾಕೆ?

ಚಳಿಪೆಟ್ಟಿಗೆ · ಸೋಮವಾರ, ಬೆಳಿಗ್ಗೆ 10:12

ನಮಸ್ಕಾರ ಎಲ್ಲರಿಗೂ. ಕೆನಡಾದ ವಿನ್ನಿಪೆಗ್‌ಗೆ ಬಂದು ಒಂದೂವರೆ ವರ್ಷ ಆಯ್ತು. ಇವತ್ತು ಇಲ್ಲಿ ರಜೆ, ಲೂಯಿ ರಿಯೆಲ್ ದಿನ. ಹೋದ ವರ್ಷ ರಜೆ ಸಿಕ್ಕಿತಲ್ಲ ಅಂತ ಹೊದ್ದು ಮಲಗಿಬಿಟ್ಟಿದ್ದೆ. ಈ ಸಲ ಮಗಳು ಶಾಲೆಯಲ್ಲಿ ಒಂದು ಬಾವುಟಕ್ಕೆ ಬಣ್ಣ ಹಚ್ಚಿಕೊಂಡು ಬಂದಿದ್ದಾಳೆ. ನೀಲಿ ಬಣ್ಣ, ಮಧ್ಯೆ ಬಿಳಿಯಲ್ಲಿ ಅಡ್ಡ ಮಲಗಿಸಿದ ಎಂಟು. "ಅಪ್ಪಾ, ಇದು ಮೇಟಿ ಬಾವುಟ. ಮೇಟಿ ಅಂದ್ರೆ ಯಾರು?" ಅಂತ ಕೇಳಿದಳು. ನನಗೆ ಗೊತ್ತಿದ್ದ ಮೇಟಿ ಕಣದ ನಡುವೆ ನೆಡುವ ಕಂಬ. ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆಯೇ ಮೇಲು ಅನ್ನೋ ಮೇಟಿ. ಅದನ್ನೇ ಹೇಳಿ ಮಗಳ ಹತ್ತಿರ ಬೈಸಿಕೊಂಡೆ.

ಕಚೇರಿಯಲ್ಲೂ ದೊಡ್ಡ ಮೀಟಿಂಗ್ ಶುರುವಾಗುವ ಮುಂಚೆ "ಇದು ರೆಡ್ ರಿವರ್ ಮೇಟಿಗಳ ತಾಯ್ನಾಡು" ಅಂತ ಓದುತ್ತಾರೆ. ಸುದ್ದಿ ನೋಡಿದರೆ ಮ್ಯಾನಿಟೋಬಾ ಮೇಟಿ ಫೆಡರೇಶನ್ ಒಂದು, ಮೇಟಿ ನ್ಯಾಷನಲ್ ಕೌನ್ಸಿಲ್ ಇನ್ನೊಂದು, ಒಂಟಾರಿಯೋದ್ದು ಬೇರೆ, ಆಲ್ಬರ್ಟಾದ್ದು ಬೇರೆ. ಅವರಿಗೂ ಇವರಿಗೂ ಆಗಿಬರೋದಿಲ್ಲ ಅನ್ನೋ ಹಾಗಿದೆ. ಯಾರಾದ್ರೂ ಬಿಡಿಸಿ ಹೇಳ್ತೀರಾ? ಹತ್ತು ವರ್ಷದ ಹುಡುಗಿಗೆ ಅರ್ಥವಾದರೆ ಸಾಕು, ನನಗೂ ಆದ ಹಾಗೇ.

ಕೆಂಪುಹೊಳೆ · ಸೋಮವಾರ, ಬೆಳಿಗ್ಗೆ 11:05

ಒಳ್ಳೆ ಪ್ರಶ್ನೆ ಕೇಳಿದ್ರಿ. ನಾನು ಇದೇ ಊರಲ್ಲಿ 19 ವರ್ಷದಿಂದ ಇದ್ದೇನೆ, ನನಗೆ ಇದೊಂದು ಹುಚ್ಚು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ಮೊದಲು ಜನ ಯಾರು ಅಂತ. ತುಪ್ಪಳದ ವ್ಯಾಪಾರಕ್ಕೆ ಬಂದ ಫ್ರೆಂಚ್ ಮತ್ತು ಸ್ಕಾಟಿಷ್ ಗಂಡಸರು ಅಲ್ಲಿನ ಮೂಲನಿವಾಸಿಗಳಾದ ಕ್ರೀ, ಒಜಿಬ್ವೆ ಹೆಂಗಸರನ್ನು ಮದುವೆಯಾದರು. ಅವರ ಮಕ್ಕಳು, ಮೊಮ್ಮಕ್ಕಳು ತಮ್ಮೊಳಗೇ ಮದುವೆ ಮಾಡಿಕೊಂಡು ರೆಡ್ ರಿವರ್ ದಂಡೆಯಲ್ಲಿ ಬೇರೆಯದೇ ಜನವಾಗಿ ಬೆಳೆದರು. ಅವರ ಮಿಚಿಫ್ ಭಾಷೆಯನ್ನೇ ನೋಡಿ. ಕ್ರಿಯಾಪದಗಳು ಕ್ರೀ ಭಾಷೆಯವು, ನಾಮಪದಗಳು ಫ್ರೆಂಚಿನವು. ಬೆರಕೆ ಮಾತು ಅಂತ ತಳ್ಳಿಹಾಕೋ ಹಾಗಿಲ್ಲ, ಅದಕ್ಕೆ ತನ್ನದೇ ವ್ಯಾಕರಣ ಇದೆ. ಆ ಜನವೂ ಹಾಗೇ.

ಸಂಘಟನೆ ಅಂದರೆ ನೀವು ಆಫೀಸು, ಅಧ್ಯಕ್ಷರು, ಲೆಟರ್‌ಹೆಡ್ ಅಂತ ಯೋಚನೆ ಮಾಡ್ತಿದ್ದೀರಿ. ಅದು ಶುರುವಾದದ್ದು ಬೇಟೆಯಲ್ಲಿ. 1840ರ ಬೈಸನ್ ಬೇಟೆಗೆ ರೆಡ್ ರಿವರ್‌ನಿಂದ 1,210 ಗಾಡಿ ಹೊರಟವು, 1,630 ಜನ. ಗಾಡಿಗೆ ಒಂದು ಮೊಳೆಯಷ್ಟೂ ಕಬ್ಬಿಣ ಇಲ್ಲ, ಎಲ್ಲ ಮರ ಮತ್ತು ಚರ್ಮ. ಅಚ್ಚಿಗೆ ಎಣ್ಣೆ ಹಾಕುತ್ತಿರಲಿಲ್ಲ, ಹಾಕಿದರೆ ಧೂಳು ಮೆತ್ತಿಕೊಂಡು ಸವೆದುಹೋಗುತ್ತಿತ್ತು. ಸಾವಿರ ಗಾಡಿ ಒಟ್ಟಿಗೆ ಕಿರುಗುಟ್ಟುವುದನ್ನು ಯೋಚನೆ ಮಾಡಿ!

ಇಷ್ಟು ಜನ ಹೊರಟ ಮೇಲೆ ಕಟ್ಟುಪಾಡು ಬೇಕಲ್ವಾ? ಹತ್ತು ಜನ ಕ್ಯಾಪ್ಟನ್‌ಗಳನ್ನು ಆರಿಸಿದರು, ಅವರ ಮೇಲೆ ಒಬ್ಬ ಮುಖ್ಯಸ್ಥ. ಪ್ರತಿ ಕ್ಯಾಪ್ಟನ್ ಕೈಕೆಳಗೆ ಹತ್ತು ಕಾವಲಿನವರು. ಭಾನುವಾರ ಬೇಟೆ ಇಲ್ಲ. ಅಪ್ಪಣೆ ಆಗುವ ಮುಂಚೆ ಯಾರೂ ಹಿಂಡಿನ ಮೇಲೆ ನುಗ್ಗಬಾರದು. ಮೊದಲ ಸಲ ತಪ್ಪಿದರೆ ಅವನ ಜೀನು, ಲಗಾಮು ಕತ್ತರಿಸಿ ಹಾಕುವುದು. ಎರಡನೇ ಸಲಕ್ಕೆ ಮೈಮೇಲಿನ ಕೋಟು ಕತ್ತರಿಸುವುದು. ಮೂರನೇ ಸಲಕ್ಕೆ ಚಡಿ ಏಟು. ಕಳ್ಳತನ ಮಾಡಿದವನನ್ನು ಬಿಡಾರದ ನಡುವೆ ನಿಲ್ಲಿಸಿ, ಹೆಸರು ಹಿಡಿದು ಮೂರು ಸಲ "ಕಳ್ಳ" ಅಂತ ಕೂಗುವುದು. ಬೇಟೆ ಮುಗಿದರೆ ಅಧಿಕಾರವೂ ಮುಗಿಯಿತು, ಕ್ಯಾಪ್ಟನ್ ಮತ್ತೆ ಮಾಮೂಲಿ ಮನುಷ್ಯ.

1869ರಲ್ಲಿ ಸರ್ಕಾರ ಕಟ್ಟಬೇಕಾಗಿ ಬಂದಾಗ ಅವರಿಗೆ ಅದು ಹೊಸ ವಿದ್ಯೆ ಆಗಿರಲಿಲ್ಲ ಅನ್ನೋದಕ್ಕೆ ಇಷ್ಟೆಲ್ಲ ಹೇಳಿದೆ. ಉಳಿದದ್ದು ಮಧ್ಯಾಹ್ನ ಬರೀತೀನಿ, ಹೊರಗೆ ಹಿಮ ಎತ್ತೋದಿದೆ.

ತಕರಾರು ತಮ್ಮಯ್ಯ · ಸೋಮವಾರ, ಮಧ್ಯಾಹ್ನ 12:20

ಬೇಟೆಗೆ ಗುಂಪು ಕಟ್ಟೋದು ಎಲ್ಲ ಕಡೆ ಇದೆ ಸ್ವಾಮಿ. ಅದನ್ನು ರಾಜಕೀಯ ಸಂಘಟನೆ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು.

ಕೆಂಪುಹೊಳೆ · ಸೋಮವಾರ, ಮಧ್ಯಾಹ್ನ 2:48

ತಮ್ಮಯ್ಯನವರೇ, ನಿಮ್ಮ ತಕರಾರು ಇಲ್ಲದೆ ಈ ಕಟ್ಟೆ ಬಿಕೋ ಅನ್ನುತ್ತೆ. ಒಪ್ಪಿದೆ, ಬರೀ ಬೇಟೆ ಸಾಲದು. 1849ಕ್ಕೆ ಬನ್ನಿ. ಹಡ್ಸನ್ಸ್ ಬೇ ಕಂಪನಿ ಬಿಟ್ಟು ಬೇರೆ ಯಾರೂ ತುಪ್ಪಳ ಮಾರುವಂತಿಲ್ಲ ಅನ್ನೋ ಕಾಲ. ಗಿಯೋಮ್ ಸೇಯರ್ ಅನ್ನೋ ಮೇಟಿ ವ್ಯಾಪಾರಿ ಮೇಲೆ ಕಂಪನಿ ಕೇಸು ಹಾಕಿತು. ವಿಚಾರಣೆ ದಿನ ಕೋರ್ಟಿನ ಹೊರಗೆ ನೂರಾರು ಮೇಟಿಗಳು ಬಂದೂಕು ಹಿಡಿದು ನಿಂತರು. ಅವರನ್ನು ಸೇರಿಸಿದವರಲ್ಲಿ ಮುಂದಾಳು ನಮ್ಮ ಇವತ್ತಿನ ರಜೆಯ ರಿಯೆಲ್‌ನ ಅಪ್ಪ, ಅವನ ಹೆಸರೂ ಲೂಯಿ ರಿಯೆಲ್. ಸೇಯರ್ ತಪ್ಪಿತಸ್ಥ ಅಂತ ತೀರ್ಪು ಬಂತು, ಶಿಕ್ಷೆ ಮಾತ್ರ ಆಗಲಿಲ್ಲ. ವ್ಯಾಪಾರಕ್ಕೆ ಬಿಡುಗಡೆ ಸಿಕ್ಕಿತು ಅಂತ ಕೂಗುತ್ತಾ ಜನ ಹೊರಟರು. ಕಂಪನಿಯ ಏಕಸ್ವಾಮ್ಯ ಕಾಗದದ ಮೇಲೆ ಉಳಿಯಿತು, ಅಷ್ಟೇ.

ಈಗ 1869. ಕಂಪನಿ ತನ್ನ ಕೈಲಿದ್ದ ಇಡೀ ಸೀಮೆಯನ್ನು 3 ಲಕ್ಷ ಪೌಂಡಿಗೆ ಕೆನಡಾಕ್ಕೆ ಬಿಟ್ಟುಕೊಡಲು ಒಪ್ಪಿತು. ರೆಡ್ ರಿವರ್ ಕಡೆ ಆಗ ಸುಮಾರು 12 ಸಾವಿರ ಜನ, ಅದರಲ್ಲಿ 10 ಸಾವಿರದ ಹತ್ತಿರ ಮೇಟಿಗಳು. ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಅವರ ಜಮೀನು ಹೊಳೆಯಿಂದ ಹಿಂದಕ್ಕೆ ಪಟ್ಟಿ ಪಟ್ಟಿಯಾಗಿ ಇತ್ತು. ಎಲ್ಲರಿಗೂ ನೀರು, ಎಲ್ಲರಿಗೂ ಹಿಂದೆ ಹುಲ್ಲುಗಾವಲು. ಕೆನಡಾದ ಸರ್ವೆಯವರು ಬಂದು ಅದರ ಮೇಲೆ ಚೌಕ ಚೌಕ ಗೆರೆ ಎಳೆಯಲು ಹೊರಟರು. ಅಕ್ಟೋಬರ್ 11ರಂದು ಮಗ ರಿಯೆಲ್ ಮತ್ತು ಸಂಗಡಿಗರು ಅಳತೆಯ ಸರಪಳಿಯನ್ನು ತುಳಿದು ನಿಂತರು. ಅವನಿಗೆ ಇನ್ನೂ 25 ತುಂಬಿರಲಿಲ್ಲ.

ಅದೇ ತಿಂಗಳು ಮೇಟಿಗಳ ರಾಷ್ಟ್ರೀಯ ಸಮಿತಿ ಹುಟ್ಟಿತು. ಜಾನ್ ಬ್ರೂಸ್ ಅಧ್ಯಕ್ಷ, ರಿಯೆಲ್ ಕಾರ್ಯದರ್ಶಿ. ಡಿಸೆಂಬರ್‌ನಲ್ಲಿ ತಾತ್ಕಾಲಿಕ ಸರ್ಕಾರ. ಇದರಲ್ಲಿ ನನಗೆ ಇಷ್ಟವಾಗೋದು ಮುಂದಿನದು. ಇಂಗ್ಲಿಷ್ ಮಾತಾಡೋ ಊರುಗಳಿಂದ 20 ಜನ, ಫ್ರೆಂಚ್ ಮಾತಾಡೋ ಊರುಗಳಿಂದ 20 ಜನ ಸೇರಿಸಿ ಒಂದು ಸಭೆ ಮಾಡಿದರು. ಹಕ್ಕುಗಳ ಪಟ್ಟಿ ಬರೆದರು. ಮೂವರು ಅದನ್ನು ಹಿಡಿದು ಒಟ್ಟಾವಾಕ್ಕೆ ಹೋದರು, ಅವರಲ್ಲಿ ಮುಖ್ಯ ಪಾದ್ರಿ ರಿಚೋ. 1870ರ ಜುಲೈ 15ಕ್ಕೆ ಮ್ಯಾನಿಟೋಬಾ ಪ್ರಾಂತ್ಯ ಆಯ್ತು. ಚಳಿಪೆಟ್ಟಿಗೆಯವರೇ, ರಜೆ ಯಾಕೆ ಅಂದ್ರೆ ಇದಕ್ಕೆ. ನೀವು ಈಗ ಇರೋ ಪ್ರಾಂತ್ಯವನ್ನು ಮಾತುಕತೆ ಮಾಡಿ ತಂದವರು ಮೇಟಿಗಳು.

ಹಳೇಕಡತ · ಸೋಮವಾರ, ಸಂಜೆ 5:30

ಕೆಂಪುಹೊಳೆ ಸರ್ ಹೇಳಿದ್ದಕ್ಕೆ ಒಂದು ಕಪ್ಪು ಚುಕ್ಕೆಯನ್ನೂ ಸೇರಿಸಬೇಕು. 1870ರ ಮಾರ್ಚ್ 4ರಂದು ತಾತ್ಕಾಲಿಕ ಸರ್ಕಾರ ಥಾಮಸ್ ಸ್ಕಾಟ್ ಅನ್ನೋ ಕೈದಿಯನ್ನು ಗುಂಡಿಟ್ಟು ಕೊಂದಿತು. ಒಂಟಾರಿಯೋ ಕೊತಕೊತ ಕುದಿಯಿತು. ರಿಯೆಲ್ ದೇಶ ಬಿಟ್ಟು ಓಡಾಡಿದ್ದು, ಮೂರು ಸಲ ಸಂಸತ್ತಿಗೆ ಆರಿಸಿ ಬಂದರೂ ಒಂದು ದಿನವೂ ಅಲ್ಲಿ ಕೂರಲು ಆಗದೇ ಹೋದದ್ದು, ಎಲ್ಲಕ್ಕೂ ಮೂಲ ಅದು. 1874ರಲ್ಲಿ ಅವನು ಗುಟ್ಟಾಗಿ ಒಟ್ಟಾವಾಕ್ಕೆ ಹೋಗಿ ಸದಸ್ಯರ ಪುಸ್ತಕದಲ್ಲಿ ಸಹಿ ಹಾಕಿ ಮಾಯವಾದ.

ನಾನು ಇಲ್ಲಿ ಹತ್ತು ವರ್ಷ ಜಮೀನಿನ ದಾಖಲೆಗಳ ಕೆಲಸ ಮಾಡಿದ್ದೇನೆ. ಹಾಗಾಗಿ ನನ್ನ ಕಣ್ಣು ಹೋಗೋದು ಕಾಗದದ ಕಡೆಗೆ. ಮ್ಯಾನಿಟೋಬಾ ಕಾಯ್ದೆಯ 31ನೇ ಕಲಮು ಮೇಟಿ ಮಕ್ಕಳಿಗೆ 14 ಲಕ್ಷ ಎಕರೆ ಅಂತ ಬರೆಯಿತು. ಹಂಚಿಕೆ ವರ್ಷಗಟ್ಟಲೆ ಎಳೆಯಿತು. ಎಣಿಕೆ ತಪ್ಪಿತು, ಮತ್ತೆ ಎಣಿಸಿದರು, ಮತ್ತೆ ತಪ್ಪಿತು. ಕೊನೆಗೆ 993 ಮಕ್ಕಳಿಗೆ ಭೂಮಿಯೇ ಸಾಲದೆ ಹೋಗಿ, ಭೂಮಿ ಬದಲು 240 ಡಾಲರ್‌ನ ಸ್ಕ್ರಿಪ್, ಅಂದ್ರೆ ಸರ್ಕಾರಿ ಜಮೀನು ಕೊಳ್ಳೋಕೆ ನಡೆಯುವ ಚೀಟಿ ಕೊಟ್ಟರು. ಉಳಿದ ಮಕ್ಕಳಿಗೆ ಸಿಕ್ಕಿದ್ದು ತಲಾ 240 ಎಕರೆ. ಆದರೆ ಅಷ್ಟು ಹೊತ್ತಿಗೆ ಸರ್ಕಾರಿ ಜಮೀನಿನ ಬೆಲೆ ಎಕರೆಗೆ 2 ಡಾಲರ್ ಆಗಿತ್ತು, ಆ ಚೀಟಿಗೆ ಬಂದದ್ದು 120 ಎಕರೆ. ಆಮೇಲೆ ಪಶ್ಚಿಮದ ಕಡೆ ಹಂಚಿದ ಸ್ಕ್ರಿಪ್ ಚೀಟಿಗಳದ್ದು ಇನ್ನೂ ಕೆಟ್ಟ ಕಥೆ. ಓದು ಬಾರದವರು ಹೆಸರಿನ ಎದುರು ಒಂದು ಇಂಟು ಗುರುತು ಹಾಕುತ್ತಿದ್ದರು. ಚೀಟಿ ದಲ್ಲಾಳಿ ಕೈಗೆ, ಅಲ್ಲಿಂದ ಬ್ಯಾಂಕಿಗೆ. ಒಂದೇ ಕೈಬರಹದ ಇಂಟು ಎಷ್ಟೋ ಹೆಸರುಗಳ ಎದುರು ಕಂಡರೆ ಏನು ಅಂದುಕೊಳ್ಳಬೇಕು ಹೇಳಿ.

ಬೆಣ್ಣೆದೋಸೆ · ಸೋಮವಾರ, ಸಂಜೆ 6:02

ಅಂದ್ರೆ ನಮ್ಮ ಕಡೆ ಜಾತಿ ಪ್ರಮಾಣಪತ್ರ ತಗೊಳ್ಳೋ ತರಹ, ಯಾರು ಮೇಟಿ ಅಂತ ಸರ್ಕಾರ ತೀರ್ಮಾನ ಮಾಡುತ್ತಿತ್ತಾ? ನಾನು ಎಡ್ಮಂಟನ್‌ನಲ್ಲಿದ್ದೀನಿ, ಇಲ್ಲೂ ಈ ಮಾತು ಬಹಳ ಕೇಳಿದ್ದೀನಿ.

ಹಳೇಕಡತ · ಸೋಮವಾರ, ಸಂಜೆ 6:25

ಆ ಹೋಲಿಕೆ ಬೇಡ ಕಣಮ್ಮ, ದಾರಿ ತಪ್ಪಿಸುತ್ತೆ. ಆದರೆ ಅರ್ಧ ಸರಿ. ಇಂಡಿಯನ್ ಕಾಯ್ದೆ (ಇಲ್ಲಿ ಇಂಡಿಯನ್ ಅಂದ್ರೆ ಕೆನಡಾದ ಮೂಲನಿವಾಸಿಗಳು, ನಾವಲ್ಲ) ಅಡಿಯಲ್ಲಿ ಒಪ್ಪಂದಕ್ಕೆ ಸೇರಿದವರಿಗೆ ಸರ್ಕಾರದ ಪಟ್ಟಿ ಇತ್ತು. ಮೇಟಿಗಳಿಗೆ ಸ್ಕ್ರಿಪ್ ಕೊಟ್ಟು ಕೈ ತೊಳೆದುಕೊಂಡರು. ಅಲ್ಲಿಗೆ ನಮ್ಮ ಜವಾಬ್ದಾರಿ ಮುಗೀತು ಅಂತ ಸರ್ಕಾರದ ವಾದ. ಮುಂದಿನ ನೂರು ವರ್ಷದ ಸಂಘಟನೆಗಳೆಲ್ಲ "ಮುಗಿದಿಲ್ಲ" ಅಂತ ಹೇಳಲು ಹುಟ್ಟಿದವು. ಪಟ್ಟಿ ಇಲ್ಲದ ಜನ ತಮ್ಮ ಪಟ್ಟಿಯನ್ನು ತಾವೇ ಮಾಡಿಕೊಳ್ಳಬೇಕಾಯ್ತು. ಜಗಳವೂ ಅಲ್ಲೇ ಹುಟ್ಟಿತು.

ತಕರಾರು ತಮ್ಮಯ್ಯ · ಸೋಮವಾರ, ರಾತ್ರಿ 8:10

1885ರ ದಂಗೆಯ ಮಾತು ಯಾಕೆ ಯಾರೂ ಎತ್ತಲಿಲ್ಲ? ನಾನು ಕೇಳಿದ್ದು ಏನಂದ್ರೆ ರಿಯೆಲ್‌ಗೆ ತಲೆ ಸರಿ ಇರಲಿಲ್ಲ, ಪ್ರವಾದಿ ಅಂದುಕೊಂಡಿದ್ದ ಅಂತ.

ಕೆಂಪುಹೊಳೆ · ಸೋಮವಾರ, ರಾತ್ರಿ 9:15

ತಲೆಯ ವಿಷಯ ಅವನ ವಿಚಾರಣೆಯಲ್ಲೇ ಬಂತು, ಅವನೇ ಅದನ್ನು ಒಪ್ಪಲಿಲ್ಲ. ಹುಚ್ಚ ಅನ್ನಿಸಿಕೊಂಡು ಬದುಕೋದಕ್ಕಿಂತ ತನ್ನ ಜನದ ದೂರು ನಿಜ ಅನ್ನಿಸಿಕೊಂಡು ಸಾಯೋದು ಮೇಲು ಅಂತ ಅವನ ನಿಲುವು. 1885ರ ನವೆಂಬರ್ 16ರಂದು ರೆಜೈನಾದಲ್ಲಿ ಗಲ್ಲಿಗೇರಿಸಿದರು.

ಆದರೆ ಸಂಘಟನೆ ಲೆಕ್ಕದಲ್ಲಿ ನಾನು ರಿಯೆಲ್‌ಗಿಂತ ಗೇಬ್ರಿಯಲ್ ಡ್ಯೂಮಾಂಟ್ ಕಡೆ ನೋಡ್ತೀನಿ. ಮ್ಯಾನಿಟೋಬಾದಲ್ಲಿ ನೆಲೆ ತಪ್ಪಿದ ಎಷ್ಟೋ ಮೇಟಿಗಳು ಸಸ್ಕಾಚೆವಾನ್ ನದಿ ಕಡೆ ಹೋದರು. ಅಲ್ಲಿ ಸೇಂಟ್ ಲಾರೆಂಟ್‌ನಲ್ಲಿ 1873ರ ಡಿಸೆಂಬರ್‌ನಲ್ಲಿ ಸೇರಿ ಡ್ಯೂಮಾಂಟ್‌ನನ್ನು ಅಧ್ಯಕ್ಷ ಅಂತ ಆರಿಸಿ, ಕಾನೂನು ಬರೆದುಕೊಂಡರು. ಅದೇ ಬೇಟೆಯ ಕಟ್ಟುಪಾಡಿನ ಮುಂದುವರಿಕೆ. ಹತ್ತು ವರ್ಷ ಅರ್ಜಿ ಮೇಲೆ ಅರ್ಜಿ ಹಾಕಿದರು, ಹೊಳೆದಂಡೆಯ ಪಟ್ಟಿಗಳನ್ನು ಹಾಗೇ ಬಿಡಿ ಅಂತ. ಕೆಲಸ ಆಗಲಿಲ್ಲ. ಆಮೇಲೆ 1884ರಲ್ಲಿ ಕುದುರೆ ಹತ್ತಿ ಮೊಂಟಾನಾಕ್ಕೆ ಹೋಗಿ ರಿಯೆಲ್‌ನನ್ನು ಕರೆತಂದರು. ಅವನಾಗ ಅಲ್ಲಿ ಶಾಲೆ ಮೇಷ್ಟ್ರು. ಮರುವರ್ಷ ಮೇ ತಿಂಗಳಲ್ಲಿ ಬಟೋಷ್ ಅನ್ನೋ ಊರಲ್ಲಿ ಕೆನಡಾದ ಸೈನ್ಯದ ಜೊತೆ ನಾಲ್ಕು ದಿನ ಕಾದಾಡಿ ಸೋತರು.

ಅಷ್ಟಾದ ಮೇಲೂ ಎರಡೇ ವರ್ಷಕ್ಕೆ ಮೇಟಿ ಫೆಡರೇಶನ್ ಕಟ್ಟಿದರು, 1887ರಲ್ಲಿ. ಎದೆಗಾರಿಕೆ ನೋಡಿ.

ಹಳೇಕಡತ · ಸೋಮವಾರ, ರಾತ್ರಿ 9:31

ಸರ್, ಫೆಡರೇಶನ್ ಅಲ್ಲ. 1887ರದ್ದು ಸಂತ ಜೋಸೆಫ್ ಹೆಸರಿನ ಮೇಟಿ ರಾಷ್ಟ್ರೀಯ ಒಕ್ಕೂಟ, ಫ್ರೆಂಚ್ ಮಾತಾಡುವವರದು. ಫೆಡರೇಶನ್ 1967ರದ್ದು.

ಕೆಂಪುಹೊಳೆ · ಸೋಮವಾರ, ರಾತ್ರಿ 9:34

ಹೌದು ಮೇಡಂ, ಕೈ ತಪ್ಪಿತು. ಮಲಗೋ ಹೊತ್ತಲ್ಲಿ ಬರೆದರೆ ಹೀಗೇ. ಆ ಒಕ್ಕೂಟ ಮುಖ್ಯವಾಗಿ ಹೆಸರು ಉಳಿಸುವ ಕೆಲಸ ಮಾಡಿತು, ರಿಯೆಲ್‌ನ ನೆನಪು, ತಮ್ಮ ಕಡೆಯ ಚರಿತ್ರೆ ಬರೆಸೋದು. ರಾಜಕೀಯ ಮಾಡುವ ತ್ರಾಣ ಆಗ ಎಲ್ಲಿತ್ತು?

ಬೆಣ್ಣೆದೋಸೆ · ಮಂಗಳವಾರ, ಬೆಳಿಗ್ಗೆ 7:50

ಈಗ ನನ್ನ ಸರದಿ. ಆಲ್ಬರ್ಟಾ ಕಥೆ ನಾನು ಹೇಳ್ತೀನಿ, ಸ್ವಲ್ಪ ಹೆಮ್ಮೆ ಇದೆ. ಎಡ್ಮಂಟನ್‌ನಲ್ಲಿ ಯೂನಿವರ್ಸಿಟಿ ಪಕ್ಕದ ಬಡಾವಣೆ ಹೆಸರು ಗಾರ್ನೋ. ಮೊದಲ ಎರಡು ವರ್ಷ ನಾನು ಅಲ್ಲೇ ಬಾಡಿಗೆಗೆ ಇದ್ದೆ, ಹೆಸರು ಯಾರದ್ದು ಅಂತ ಒಂದು ದಿನವೂ ಯೋಚಿಸಲಿಲ್ಲ. ಲಾರೆಂಟ್ ಗಾರ್ನೋ ರೆಡ್ ರಿವರ್‌ನಲ್ಲಿ ರಿಯೆಲ್ ಜೊತೆ ಇದ್ದ ಮೇಟಿ. 1885ರಲ್ಲಿ ಪೊಲೀಸರು ಮನೆ ಶೋಧಿಸಲು ಬಂದಾಗ ಅವನ ಹೆಂಡತಿ ಬಟ್ಟೆ ಒಗೆಯುತ್ತಿದ್ದಳಂತೆ. ರಿಯೆಲ್ ಬರೆದ ಕಾಗದವನ್ನು ಸೋಪಿನ ನೀರಿಗೆ ಹಾಕಿ ಉಜ್ಜಿ ಉಜ್ಜಿ ಮುದ್ದೆ ಮಾಡಿದಳು ಅಂತ ಮನೆತನದ ಕಥೆ.

ಆ ಗಾರ್ನೋ ಮೊಮ್ಮಗನೇ ಜಿಮ್ ಬ್ರೇಡಿ. 1932ರಲ್ಲಿ ಆಲ್ಬರ್ಟಾದ ಮೇಟಿ ಸಂಘ ಕಟ್ಟಿದ ಐವರಲ್ಲಿ ಒಬ್ಬ. ಉಳಿದವರು ಮಾಲ್ಕಮ್ ನಾರಿಸ್, ಜೋಸೆಫ್ ಡಿಯೋನ್, ಪೀಟರ್ ಟಾಮ್ಕಿನ್ಸ್, ಫೆಲಿಕ್ಸ್ ಕಾಲಿಹೂ. ಬ್ರೇಡಿ, ನಾರಿಸ್ ಇಬ್ಬರೂ ಪಕ್ಕಾ ಎಡಪಂಥದವರು. ಡಿಯೋನ್ ಶಾಲೆ ಮೇಷ್ಟ್ರು, ದೇವರಲ್ಲಿ ಭಯ ಭಕ್ತಿ ಇದ್ದವರು. ಹೇಗೆ ಒಟ್ಟಿಗೆ ಇದ್ದರೋ!

ಆ ಕಾಲದಲ್ಲಿ ಮೇಟಿಗಳು ರಸ್ತೆ ಪಕ್ಕದ ಜನ ಅನ್ನಿಸಿಕೊಂಡಿದ್ದರು. ಸರ್ವೆಯಲ್ಲಿ ರಸ್ತೆಗೆ ಅಂತ ಬಿಟ್ಟ ಸರ್ಕಾರಿ ಪಟ್ಟೆಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಸ್ವಂತ ಜಮೀನಿಲ್ಲ, ಹಾಗಾಗಿ ತೆರಿಗೆ ಇಲ್ಲ. ತೆರಿಗೆ ಇಲ್ಲ, ಹಾಗಾಗಿ ಮಕ್ಕಳಿಗೆ ಶಾಲೆ ಇಲ್ಲ. ನಾರಿಸ್, ಬ್ರೇಡಿ ಊರೂರು ಸುತ್ತಿ ಸದಸ್ಯರನ್ನು ಮಾಡಿದರು. ಮೇಟಿಗಳ ಸ್ಥಿತಿ ವಿಚಾರಿಸಲು ಸರ್ಕಾರ ಯೂವಿಂಗ್ ಆಯೋಗ ಮಾಡಿತು. ನಾವು ಹಕ್ಕು ಕೇಳ್ತಿದ್ದೀವಿ ಅಂತ ಇವರು, ಬಡವರಿಗೆ ಸಹಾಯ ಮಾಡ್ತೀವಿ ಅಂತ ಅವರು. 1938ರ ಕಾಯ್ದೆಯಲ್ಲಿ 12 ಕಾಲೊನಿ ಬಂದವು, ಈಗ ಉಳಿದಿರುವುದು 8. ಕೆನಡಾದಲ್ಲಿ ಮೇಟಿಗಳಿಗೆ ಕಾನೂನು ಪ್ರಕಾರ ನೆಲ ಅಂತ ಇರೋದು ಅಲ್ಲೇ, ಸುಮಾರು 12.5 ಲಕ್ಷ ಎಕರೆ.

ಆದರೆ ನೆಲದಡಿಯ ಎಣ್ಣೆ, ಅನಿಲ? ಅದು ಯಾರದ್ದು ಅಂತ ವರ್ಷಗಟ್ಟಲೆ ಕೋರ್ಟು. ಕೊನೆಗೆ 1990ರಲ್ಲಿ ಒಪ್ಪಂದ ಆಯ್ತು. 17 ವರ್ಷದಲ್ಲಿ 31 ಕೋಟಿ ಡಾಲರ್, ಮತ್ತೆ ಭೂಮಿಯ ಒಡೆತನ ಕಾಲೊನಿಗಳ ಜನರಲ್ ಕೌನ್ಸಿಲ್‌ಗೆ. ಹಾಗಾಗಿ ಆಲ್ಬರ್ಟಾದಲ್ಲಿ ಎರಡು ಮನೆ. ನೆಲ ಇರೋ ಕಾಲೊನಿಯವರದ್ದು ಒಂದು, ನೆಲ ಇಲ್ಲದ ಉಳಿದವರ ಹಳೇ ಸಂಘ ಇನ್ನೊಂದು. ಆ ಹಳೇ ಸಂಘ ಈಗ ಒಟಿಪೆಮಿಸಿವಾಕ್ ಮೇಟಿ ಸರ್ಕಾರ ಅಂತ ಹೆಸರು ಇಟ್ಟುಕೊಂಡಿದೆ. ಕ್ರೀ ಭಾಷೆಯಲ್ಲಿ ತಮ್ಮನ್ನು ತಾವೇ ಆಳುವವರು ಅಂತ.

ಚಳಿಪೆಟ್ಟಿಗೆ · ಮಂಗಳವಾರ, ಬೆಳಿಗ್ಗೆ 9:05

ಅಕ್ಕಾ, ಬ್ರೇಡಿ ಆಮೇಲೆ ಏನಾದ?

ಬೆಣ್ಣೆದೋಸೆ · ಮಂಗಳವಾರ, ಬೆಳಿಗ್ಗೆ 9:20

1967ರಲ್ಲಿ ಉತ್ತರ ಸಸ್ಕಾಚೆವಾನ್‌ನಲ್ಲಿ ಖನಿಜ ಹುಡುಕಲು ಹೋದಾಗ ಸಂಗಡಿಗನ ಜೊತೆ ಕಾಣೆಯಾದ. ಎಷ್ಟು ಹುಡುಕಿದರೂ ದೇಹ ಸಿಗಲಿಲ್ಲ.

ಹಳೇಕಡತ · ಮಂಗಳವಾರ, ಮಧ್ಯಾಹ್ನ 1:15

ಅದೇ 1930ರ ದಶಕದಲ್ಲಿ ಮ್ಯಾನಿಟೋಬಾದಲ್ಲಿ ಆದದ್ದನ್ನು ಆಲ್ಬರ್ಟಾ ಪಕ್ಕದಲ್ಲಿ ಇಟ್ಟು ನೋಡಿ. ಸೇಂಟ್ ಮೆಡೆಲೀನ್ ಅನ್ನೋ ಮೇಟಿ ಊರನ್ನು ಸಾಮೂಹಿಕ ಹುಲ್ಲುಗಾವಲು ಮಾಡಬೇಕು ಅಂತ ಖಾಲಿ ಮಾಡಿಸಿದರು. ತೆರಿಗೆ ಬಾಕಿ ಇಲ್ಲದವರಿಗೆ ಮಾತ್ರ ಪರಿಹಾರ. ಮನೆಗಳನ್ನು ಸುಟ್ಟರು, ನಾಯಿಗಳನ್ನು ಗುಂಡಿಟ್ಟು ಕೊಂದರು. ಈಗ ಅಲ್ಲಿ ಉಳಿದಿರೋದು ಸ್ಮಶಾನ. ಆಲ್ಬರ್ಟಾದಲ್ಲಿ ಒಂದು ಸಂಘ ಇತ್ತು, ಇಲ್ಲಿ ಆಗ ಅಂಥದ್ದು ಇರಲಿಲ್ಲ. ವ್ಯತ್ಯಾಸ ಅಷ್ಟೇ ಅನ್ನೋದಿಲ್ಲ, ಆದರೆ ಅದೂ ಒಂದು.

ತಕರಾರು ತಮ್ಮಯ್ಯ · ಮಂಗಳವಾರ, ಸಂಜೆ 6:40

ಎಲ್ಲ ಸರಿ. ಆದರೆ ಚಳಿಪೆಟ್ಟಿಗೆ ಕೇಳಿದ್ದು ಇಷ್ಟೊಂದು ಸಂಘಟನೆ ಯಾಕೆ ಅಂತ. ನನಗೆ ಅನ್ನಿಸೋದು, ಒಗ್ಗಟ್ಟಿಲ್ಲದೇ ಒಡೆದರು. ಕುರ್ಚಿ ಜಗಳ.

ಕೆಂಪುಹೊಳೆ · ಮಂಗಳವಾರ, ರಾತ್ರಿ 8:30

ಕುರ್ಚಿ ಜಗಳ ಇಲ್ಲ ಅಂತ ಯಾರು ಹೇಳ್ತಾರೆ? ಒಬ್ಬರೇ ಅಧ್ಯಕ್ಷರು 1997ರಿಂದ ಮ್ಯಾನಿಟೋಬಾ ಫೆಡರೇಶನ್ ನಡೆಸ್ತಿದ್ದಾರೆ, ಡೇವಿಡ್ ಷಾರ್ಟ್ರಾಂಡ್. ಆಲ್ಬರ್ಟಾದಲ್ಲಿ ಆಡ್ರಿ ಪೊಯ್ಟ್ರಾಸ್ 1996ರಿಂದ 2023ರವರೆಗೆ ಇದ್ದರು. ಆದರೆ ಒಡೆದದ್ದಕ್ಕೆಲ್ಲ ಕುರ್ಚಿಯೇ ಕಾರಣ ಅಂದರೆ ನಾನು ಒಪ್ಪಲ್ಲ. ಪ್ರತಿ ಸಲ ಒಡೆದಾಗ ಯಾವ ಬಾಗಿಲ ಮುಂದೆ ನಿಂತಿದ್ದರು ನೋಡಿ.

1961ರಲ್ಲಿ ಇಂಡಿಯನ್ನರಿಗೂ ಮೇಟಿಗಳಿಗೂ ಸೇರಿ ಒಂದು ರಾಷ್ಟ್ರೀಯ ಮಂಡಳಿ ಇತ್ತು. ಪಟ್ಟಿಯಲ್ಲಿ ಹೆಸರಿದ್ದವರ ಬೇಡಿಕೆ ಬೇರೆ, ಪಟ್ಟಿ ಹೊರಗಿನವರ ಬೇಡಿಕೆ ಬೇರೆ. 1968ರ ಹೊತ್ತಿಗೆ ಅದು ಒಡೆಯಿತು. ಮೇಟಿಗಳು ಮತ್ತು ಪಟ್ಟಿ ತಪ್ಪಿದ ಇಂಡಿಯನ್ನರು ಸೇರಿ 1971ರಲ್ಲಿ ನೇಟಿವ್ ಕೌನ್ಸಿಲ್ ಆಫ್ ಕೆನಡಾ ಆಯ್ತು. ಮೊದಲ ಅಧ್ಯಕ್ಷ ಟೋನಿ ಬೆಲ್ಕೋರ್ಟ್.

ಸಂವಿಧಾನ ಬರೆಯುವಾಗ ಈ ಕೌನ್ಸಿಲ್‌ನ ಹ್ಯಾರಿ ಡೇನಿಯಲ್ಸ್ ಪಟ್ಟು ಹಿಡಿದ. 1981ರ ಜನವರಿ 30. ಮೂಲನಿವಾಸಿ ಅನ್ನೋ ಮಾತಿನ ಎದುರು ಮೇಟಿ ಅನ್ನೋ ಹೆಸರು ಬರಲೇಬೇಕು ಅಂತ. 1982ರ ಸಂವಿಧಾನದ 35ನೇ ಕಲಮಿನಲ್ಲಿ ಇಂಡಿಯನ್, ಇನ್ಯುಟ್, ಮೇಟಿ ಅಂತ ಮೂರು ಹೆಸರು ಇದೆಯಲ್ಲ, ಆ ಮೂರನೆಯದು ಆ ಹಟದ ಫಲ. ಒಂದೇ ಒಂದು ಪದ. ಅದಕ್ಕೆ 112 ವರ್ಷ ಕಾದರು.

ಪದ ಸಿಕ್ಕಿತು, ಅಲ್ಲಿಗೆ ಮತ್ತೆ ಬಿರುಕು. 1983ರ ಮಾರ್ಚ್‌ನಲ್ಲಿ ಪ್ರಧಾನಿ ಮತ್ತು ಪ್ರಾಂತ್ಯಗಳ ಮುಖ್ಯಮಂತ್ರಿಗಳ ಜೊತೆ ಸಂವಿಧಾನದ ಸಭೆ. ಮೇಟಿಗಳ ಕುರ್ಚಿಯಲ್ಲಿ ಯಾರು? ಪಟ್ಟಿ ತಪ್ಪಿದ ಇಂಡಿಯನ್ನರೂ ಇರುವ ನೇಟಿವ್ ಕೌನ್ಸಿಲ್ ನಮ್ಮ ಪರ ಮಾತಾಡೋದು ಬೇಡ ಅಂತ ಹುಲ್ಲುಗಾವಲು ಪ್ರಾಂತ್ಯಗಳ ಮೇಟಿಗಳು ಹೊರಬಂದು ಮೇಟಿ ನ್ಯಾಷನಲ್ ಕೌನ್ಸಿಲ್ ಕಟ್ಟಿದರು. ಕುರ್ಚಿಗಾಗಿ ಕೋರ್ಟಿಗೆ ಹೋದರು, ಸರ್ಕಾರ ರಾಜಿ ಮಾಡಿಕೊಂಡು ಕುರ್ಚಿ ಕೊಟ್ಟಿತು. ಹಾಗಾಗಿ ತಮ್ಮಯ್ಯನವರೇ, ಕುರ್ಚಿ ಜಗಳ ಅನ್ನೋದು ನಿಜ. ಆದರೆ ಅದು ಸಂವಿಧಾನದ ಸಭೆಯ ಕುರ್ಚಿ.

ತಕರಾರು ತಮ್ಮಯ್ಯ · ಮಂಗಳವಾರ, ರಾತ್ರಿ 8:52

ಆ ಏಟು ಒಪ್ಪಿಕೊಂಡೆ.

ಹಳೇಕಡತ · ಬುಧವಾರ, ಬೆಳಿಗ್ಗೆ 8:15

ಕೋರ್ಟಿನ ಕಥೆ ಇಲ್ಲದೆ ಇದು ಪೂರ್ತಿ ಆಗಲ್ಲ. ಅಲ್ಲಿ ಒಂದು ಮೂಸ್ ಇದೆ, ನಮ್ಮ ಕಡವೆಗಿಂತ ಎಷ್ಟೋ ದೊಡ್ಡದು.

1993ರ ಅಕ್ಟೋಬರ್ 22ರಂದು ಒಂಟಾರಿಯೋದ ಸೂ ಸೇಂಟ್ ಮೇರಿ ಹತ್ತಿರ ಸ್ಟೀವ್ ಪೌಲಿ ಮತ್ತು ಅವನ ಮಗ ರಾಡಿ ಒಂದು ಗಂಡು ಮೂಸ್ ಹೊಡೆದರು. ಪರವಾನಗಿ ಇರಲಿಲ್ಲ. ಸ್ಟೀವ್ ತಾನೇ ಒಂದು ಚೀಟಿ ಬರೆದು ಮೂಸ್‌ನ ಕಿವಿಗೆ ಕಟ್ಟಿದ. ದಿನ, ಹೊತ್ತು, ಜಾಗ, ಚಳಿಗಾಲಕ್ಕೆ ಮಾಂಸ ಅನ್ನೋ ಮಾತು. ಕೆಳಗೆ ಸಹಿ, ಜೊತೆಗೆ ತನ್ನ ಮೇಟಿ ಸಂಘದ ಸದಸ್ಯತ್ವದ ನಂಬರು. ನಾನು ಕಾಗದದವಳು, ನನಗೆ ಆ ನಂಬರೇ ಇಡೀ ಕೇಸಿನ ಜೀವ. ಸರ್ಕಾರ ಪರವಾನಗಿ ಕೇಳುತ್ತೆ, ಅವನು ತನ್ನ ಜನದ ನಂಬರು ತೋರಿಸ್ತಾನೆ.

ಹತ್ತು ವರ್ಷ ನಡೆಯಿತು. 2003ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟು ಅವರ ಪರ ತೀರ್ಪು ಕೊಟ್ಟಿತು. ಮೇಟಿ ಯಾರು ಅನ್ನೋದಕ್ಕೆ ಮೂರು ಗುರುತು ಹೇಳಿತು. ತಾನು ಮೇಟಿ ಅಂತ ತಾನೇ ಹೇಳಿಕೊಳ್ಳಬೇಕು. ಹಳೆಯ ಮೇಟಿ ಸಮುದಾಯದ ಜೊತೆ ವಂಶದ ನಂಟು ಇರಬೇಕು. ಈಗಿನ ಸಮುದಾಯ ಅವನನ್ನು ತಮ್ಮವನು ಅಂತ ಒಪ್ಪಿರಬೇಕು. ಈ ಮೂರನೆಯದು ಸಂಘಟನೆಗಳ ಕೈಗೆ ದೊಡ್ಡ ಕೆಲಸ ಕೊಟ್ಟಿತು. ಹಾಡು, ಪಿಟೀಲು, ಮೆರವಣಿಗೆ ಮಾಡಿಕೊಂಡಿದ್ದವರೆಲ್ಲ ಈಗ ವಂಶವೃಕ್ಷದ ಕಡತ ಇಡಬೇಕಾಯ್ತು. ಅಜ್ಜಿಯ ಅಜ್ಜಿಯ ಹೆಸರು ಯಾವ ಸ್ಕ್ರಿಪ್ ಚೀಟಿಯಲ್ಲಿದೆ ಅಂತ ಹುಡುಕೋದು. ಮೋಸ ಮಾಡಿ ಕಿತ್ತುಕೊಂಡ ಚೀಟಿಯೇ ಇವತ್ತು ಸಾಕ್ಷಿ!

ಆ 14 ಲಕ್ಷ ಎಕರೆ ನೆನಪಿದೆಯಾ? ಮ್ಯಾನಿಟೋಬಾ ಫೆಡರೇಶನ್ 1981ರಲ್ಲಿ ಕೇಸು ಹಾಕಿತು. ತೀರ್ಪು ಬಂದದ್ದು 2013ರ ಮಾರ್ಚ್ 8. ಸರ್ಕಾರ ತನ್ನ ಮಾತನ್ನು ಗೌರವದಿಂದ ನಡೆಸಿಕೊಡಲಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. 32 ವರ್ಷ. 2016ರಲ್ಲಿ ಡೇನಿಯಲ್ಸ್ ಕೇಸಿನ ತೀರ್ಪು ಬಂತು, ಮೇಟಿಗಳೂ ಕೇಂದ್ರ ಸರ್ಕಾರದ ಹೊಣೆ ಅಂತ. ಹ್ಯಾರಿ ಡೇನಿಯಲ್ಸ್ ಅದನ್ನು ನೋಡಲಿಲ್ಲ, 2004ರಲ್ಲೇ ತೀರಿಕೊಂಡಿದ್ದ.

ಬೆಣ್ಣೆದೋಸೆ · ಬುಧವಾರ, ಮಧ್ಯಾಹ್ನ 12:45

ಈಗಿನ ಜಗಳ ನಾನು ಎರಡು ಮಾತಲ್ಲಿ ಹೇಳ್ತೀನಿ, ಊಟದ ಬಿಡುವು ಮುಗೀತಾ ಇದೆ. ಒಂಟಾರಿಯೋದ ಮೇಟಿ ಸಂಘಟನೆ 2017ರಲ್ಲಿ ಅಲ್ಲಿನ ಸರ್ಕಾರದ ಜೊತೆ ಸೇರಿ ಆರು ಹೊಸ ಚಾರಿತ್ರಿಕ ಮೇಟಿ ಸಮುದಾಯಗಳನ್ನು ಗುರುತಿಸಿತು. ಇವರು ನಮ್ಮ ರೆಡ್ ರಿವರ್ ನಂಟಿನವರಲ್ಲ ಅಂತ ಮ್ಯಾನಿಟೋಬಾದವರು ಸಿಡಿದರು. ಒಂಟಾರಿಯೋವನ್ನು ಹೊರಹಾಕಿ ಅಂದರು, ಆಗಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ತಾವೇ ನ್ಯಾಷನಲ್ ಕೌನ್ಸಿಲ್‌ನಿಂದ ಹೊರಬಂದರು. ಅದೇ ಸಮಯಕ್ಕೆ ಕೌನ್ಸಿಲ್‌ಗೆ ಕ್ಯಾಸಿಡಿ ಕ್ಯಾರನ್ ಅಧ್ಯಕ್ಷೆ ಆದರು, ಚುನಾಯಿತರಾದ ಮೊದಲ ಮಹಿಳೆ. 2024ರಲ್ಲಿ ಸಸ್ಕಾಚೆವಾನ್, ಬ್ರಿಟಿಷ್ ಕೊಲಂಬಿಯಾ ಕೂಡ ಬಿಟ್ಟವು. ಆ ವರ್ಷದ ಕೊನೆಗೆ ಕೌನ್ಸಿಲ್‌ನ ಐದು ಪ್ರಾಂತ್ಯಗಳ ಸಂಘಟನೆಗಳಲ್ಲಿ ಉಳಿದದ್ದು ಎರಡು. ಒಂಟಾರಿಯೋದ ಕೆಲವು ಫಸ್ಟ್ ನೇಷನ್ಸ್ (ಹಿಂದೆ ಇಂಡಿಯನ್ ಅನ್ನಿಸಿಕೊಂಡಿದ್ದ ಮೂಲನಿವಾಸಿಗಳು) ಮುಖಂಡರೂ, ನಮ್ಮ ನೆಲದಲ್ಲಿ ಈ ಸಮುದಾಯಗಳು ಇರಲೇ ಇಲ್ಲ ಅಂತ ಬೀದಿಗೆ ಬಂದರು.

ಚಳಿಪೆಟ್ಟಿಗೆ · ಬುಧವಾರ, ಸಂಜೆ 7:10

ಹಾಗಾದರೆ ಫೆಡರೇಶನ್‌ಗೆ ಹೊರಬಂದು ನಷ್ಟ ಆಯ್ತಾ?

ಕೆಂಪುಹೊಳೆ · ಬುಧವಾರ, ರಾತ್ರಿ 8:05

ಆಗಿಲ್ಲ ಅನ್ನೋದು ಅವರ ಲೆಕ್ಕ. 2024ರ ನವೆಂಬರ್ 30ರಂದು ಕೆನಡಾ ಸರ್ಕಾರ ರೆಡ್ ರಿವರ್ ಮೇಟಿಗಳ ಜೊತೆ ಸ್ವಯಂ ಆಡಳಿತದ ಒಪ್ಪಂದಕ್ಕೆ ಸಹಿ ಹಾಕಿತು, ಇದೇ ವಿನ್ನಿಪೆಗ್‌ನಲ್ಲಿ. ಒಂಟಾರಿಯೋ, ಆಲ್ಬರ್ಟಾ, ಸಸ್ಕಾಚೆವಾನ್ ಸೇರಿಸಿ ಸಂಸತ್ತಿನಲ್ಲಿ ತಂದ ಮಸೂದೆ ಮಾತ್ರ ನಡುದಾರಿಯಲ್ಲೇ ಬಿತ್ತು. ಹಾಗಂತ ಫೆಡರೇಶನ್ ಹೇಳೋದೇ ಸರಿ ಅಂತ ನಾನು ಅನ್ನಲ್ಲ. ಪೌಲಿ ರೆಡ್ ರಿವರ್‌ನವನಲ್ಲ, ಸೂ ಸೇಂಟ್ ಮೇರಿಯವನು. ಅವನ ಮೂಸ್ ಇಲ್ಲದೆ ಇವರ್ಯಾರಿಗೂ ಬೇಟೆಯ ಹಕ್ಕು ಅಷ್ಟು ಸುಲಭಕ್ಕೆ ಸಿಗುತ್ತಿರಲಿಲ್ಲ. ಆದರೆ ವಂಶದಲ್ಲಿ ಎಲ್ಲೋ ಒಬ್ಬಳು ಮೂಲನಿವಾಸಿ ಅಜ್ಜಿ ಸಿಕ್ಕಳು ಅಂತ ಇವತ್ತು ಮೇಟಿ ಕಾರ್ಡ್ ಕೇಳೋರೂ ಇದ್ದಾರೆ. 2021ರ ಜನಗಣತಿಯಲ್ಲಿ 6,24,220 ಜನ ಮೇಟಿ ಅಂತ ಬರೆಸಿದ್ದಾರೆ. ಸಂಘಟನೆಗಳ ನೋಂದಣಿ ಪುಸ್ತಕದಲ್ಲಿ ಅಷ್ಟು ಹೆಸರಿಲ್ಲ. ಗೆರೆ ಎಲ್ಲಿ ಎಳೀಬೇಕು ಅಂತ ನನ್ನನ್ನು ಕೇಳಿದರೆ, ಎಳೆಯೋದು ನನ್ನ ನಿಮ್ಮ ಕೆಲಸ ಅಲ್ಲ.

ತಕರಾರು ತಮ್ಮಯ್ಯ · ಬುಧವಾರ, ರಾತ್ರಿ 8:40

ಹಳೇ ಪುಸ್ತಕದಲ್ಲಿ "ಹಾಫ್ ಬ್ರೀಡ್" ಅಂತ ಓದಿದ್ದೆ. ಹಾಗೆ ಕರೀಬಹುದಾ?

ಹಳೇಕಡತ · ಬುಧವಾರ, ರಾತ್ರಿ 8:44

ಹಳೇ ಕಾಯ್ದೆಯಲ್ಲಿ, ಸ್ಕ್ರಿಪ್ ಚೀಟಿಯಲ್ಲಿ ಹಾಗೇ ಇದೆ. ಕೆಲವು ಹಿರಿಯರು ತಮ್ಮನ್ನು ತಾವೇ ಹಾಗೆ ಕರೆದುಕೊಂಡದ್ದೂ ಉಂಟು. ನಾವು ಕರೆದರೆ ಬೈಗುಳ. ಬೇಡ.

ಚಳಿಪೆಟ್ಟಿಗೆ · ಭಾನುವಾರ, ಸಂಜೆ 4:30

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಗಳನ್ನು ಕರೆದುಕೊಂಡು ಸೇಂಟ್ ಬೋನಿಫೇಸ್‌ಗೆ ಹೋಗಿದ್ದೆ. ಹೊರಗೆ ಮೈನಸ್ 22. ಚರ್ಚಿನ ಹಳೇ ಮುಂಗೋಡೆ ಮಾತ್ರ ನಿಂತಿದೆ, 1968ರಲ್ಲಿ ಬೆಂಕಿ ಬಿದ್ದದ್ದಂತೆ. ದೊಡ್ಡ ದುಂಡು ಕಿಟಕಿಯಲ್ಲಿ ಗಾಜಿಲ್ಲ, ಬರೀ ಆಕಾಶ. ಅದರ ಮುಂದೆ ಸಮಾಧಿಗಳು. ರಿಯೆಲ್‌ನದು ಹುಡುಕೋದು ಕಷ್ಟ ಆಗಲಿಲ್ಲ, ಅಲ್ಲಿಗೆ ಹಿಮದಲ್ಲಿ ಕಾಲುದಾರಿ ಬಿದ್ದಿತ್ತು. ದೊಡ್ಡ ಬರಹ ಇರುತ್ತೆ ಅಂದುಕೊಂಡಿದ್ದೆ. ರಿಯೆಲ್, 16 ನವೆಂಬರ್ 1885. ಅಷ್ಟೇ. ಹುಟ್ಟಿದ ದಿನವೂ ಇಲ್ಲ.

ಮಗಳು ಗ್ಲೌಸ್ ಕೈಯಲ್ಲಿ ಹಿಮ ಒರೆಸಿದಳು. ಆಮೇಲೆ ಕೇಳಿದಳು, "ಅಪ್ಪಾ, ಕಾಫಿ ಅಂಕಲ್ ಹೇಳಿದ ಗಾಡಿ ಎಲ್ಲಿ ನೋಡಬಹುದು?" ಕೆಂಪುಹೊಳೆಯವರೇ, ಕಾಫಿ ಅಂಕಲ್ ನೀವೇ. ಎಲ್ಲಿ ಸಿಗುತ್ತೆ ಹೇಳಿ.

ಕೆಂಪುಹೊಳೆ · ಭಾನುವಾರ, ಸಂಜೆ 4:52

ನೀವು ನಿಂತಿದ್ದ ಜಾಗದ ಪಕ್ಕದಲ್ಲೇ! ಆ ಬೀದಿಯ ಹಳೇ ಮರದ ಕಟ್ಟಡ ಇದೆಯಲ್ಲ, ಸೇಂಟ್ ಬೋನಿಫೇಸ್ ಮ್ಯೂಸಿಯಂ, ಅಲ್ಲಿ ಹೋಗಿ ಕೇಳಿ. ರಿಯೆಲ್‌ನ ಹೆಣ ತಂದ ಪೆಟ್ಟಿಗೆಯೂ ಅಲ್ಲೇ ಇದೆ, ಹುಡುಗಿಗೆ ಅದನ್ನು ತೋರಿಸಬೇಕಾ ಬೇಡವಾ ನೀವೇ ನೋಡಿಕೊಳ್ಳಿ. ಹೋಗೋ ಮುಂಚೆ ಬಾಗಿಲು ತೆಗೆದಿರುತ್ತಾ ಅಂತ ಫೋನ್ ಮಾಡಿ, ಚಳಿಗಾಲದಲ್ಲಿ ಸುಮ್ನೆ ಹೋಗಿ ವಾಪಸ್ ಬರೋದು ಬೇಡ.